ನಮ್ಮ ಶಾಲೆಯ ಓಟದ ಹಾದಿಗಳು: ಸೋಲದೇವನಹಳ್ಳಿಯಿಂದ ಯಲಹಂಕದವರೆಗೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸದ ಬಗ್ಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ನಾನು ಈ ಶಾಲೆಯಲ್ಲಿ ಎಂಬತ್ತರ ದಶಕದಲ್ಲಿ ಓದಿದವನು. ಮುಂದೆ ಬೇರೆ ಊರುಗಳಲ್ಲಿ ಇತಿಹಾಸದ ಮೇಷ್ಟ್ರಾಗಿ ಕೆಲಸ ಮಾಡಿ ನಿವೃತ್ತನಾದೆ. ಸಾಮಾನ್ಯವಾಗಿ ಊರಿನ ಇತಿಹಾಸವೆಂದರೆ ದೇವಸ್ಥಾನ, ಶಾಸನ, ಪಾಳೇಗಾರರ ವಿಚಾರ ಬರೆಯುವುದು ವಾಡಿಕೆ. ನನಗೆ ಈ ಸೀಮೆಯ ಇತಿಹಾಸ ಮೊದಲು ಪರಿಚಯವಾದದ್ದು ಪುಸ್ತಕದಿಂದಲ್ಲ, ಓಟದಿಂದ. ಆದ್ದರಿಂದ ನಮ್ಮ ಶಾಲೆಯ ಮಕ್ಕಳು ಓಡುತ್ತಿದ್ದ ಮೂರು ಹಾದಿಗಳನ್ನೇ ಹಿಡಿದು ಈ ಲೇಖನ ಬರೆದಿದ್ದೇನೆ.

ಆಗ ಶಾಲೆಗೆ ಅಳತೆಯ ಟ್ರ್ಯಾಕ್ ಇರಲಿಲ್ಲ. ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಮೂರು ಸಾವಿರ ಮೀಟರ್ ಓಟಕ್ಕೂ ಗುಡ್ಡಗಾಡು ಓಟಕ್ಕೂ ಹುಡುಗರನ್ನು ತಯಾರು ಮಾಡಬೇಕಾದರೆ ಊರ ಸುತ್ತಲಿನ ಗಾಡಿ ಜಾಡು, ಕೆರೆ ಏರಿ, ಹೊಲದ ಬದುಗಳೇ ಗತಿ. ಬೆಳಗಿನ ಜಾವ ಬರಿಗಾಲಲ್ಲಿ ಓಡಿ ಬಂದ ಮೇಲೆ ನಮ್ಮ ಡ್ರಿಲ್ ಮೇಷ್ಟ್ರು ಎಷ್ಟು ನಿಮಿಷವಾಯಿತೆಂದು ಮೊದಲು ಕೇಳುತ್ತಿರಲಿಲ್ಲ. "ಎಲ್ಲಿ ಉಸಿರು ಕಟ್ಟಿತು, ಹೇಳ್ರೋ" ಎನ್ನುತ್ತಿದ್ದರು. ನಾವು ಇಂಥ ಹುಣಸೆಮರದ ಹತ್ತಿರ, ಇಂಥ ಮೋರಿ ದಾಟಿದ ಮೇಲೆ ಎಂದು ಹೇಳುತ್ತಿದ್ದೆವು. "ಅಲ್ಲಿ ನೆಲ ಏರುತ್ತೆ, ನಿಮ್ಮ ಕಣ್ಣಿಗೆ ಕಾಣಲ್ಲ ಅಷ್ಟೆ" ಎನ್ನುತ್ತಿದ್ದರು. ಈ ಒಂದು ಮಾತಿನಿಂದ ನೆಲದ ಏರಿಳಿತ ನಮ್ಮ ಕಾಲಿಗೆ ಪಾಠವಾಯಿತು. ಅದರ ಅರ್ಥ ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಮೊದಲನೆಯ ಹಾದಿ: ನೀರಿನ ಜಾಡು

ನಮ್ಮೂರಿನಿಂದ ತರಬನಹಳ್ಳಿಯ ಮೇಲೆ ಹೆಸರಘಟ್ಟದ ಕೆರೆ ಏರಿಯವರೆಗೆ ಏಳೆಂಟು ಕಿಲೋಮೀಟರ್. ಒಂಬತ್ತು, ಹತ್ತನೇ ತರಗತಿಯ ಹುಡುಗರು ಭಾನುವಾರ ಈ ಹಾದಿಯಲ್ಲಿ ಓಡುತ್ತಿದ್ದರು. ಹೋಗುವಾಗ ಗೊತ್ತೇ ಆಗದಂಥ ಏರು, ಬರುವಾಗ ಗೊತ್ತೇ ಆಗದಂಥ ಇಳಿಜಾರು. ವಾಪಸು ಬರುವಾಗ ಎಲ್ಲರಿಗೂ ಸಮಯ ಕಡಿಮೆ ಬರುತ್ತಿತ್ತು. ಊರು ಹತ್ತಿರವಾದ ಉತ್ಸಾಹಕ್ಕೆ ಹಾಗಾಗುತ್ತದೆಂದು ನಾವು ತಿಳಿದಿದ್ದೆವು.

ನಿಜವಾದ ಕಾರಣ ನೆಲದಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಬೆಂಗಳೂರಿನ ಜನ ಧರ್ಮಾಂಬುಧಿ, ಸಂಪಂಗಿ, ಹಲಸೂರು ಮೊದಲಾದ ಕೆರೆಗಳನ್ನೂ ಬಾವಿಗಳನ್ನೂ ನಂಬಿದ್ದರು. 1876-78ರ ಭೀಕರ ಬರವು ಆ ನಂಬಿಕೆಯನ್ನು ಅಲುಗಾಡಿಸಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ನಂದಿಬೆಟ್ಟದ ಕಡೆಯಿಂದ ಹರಿದು ಬರುವ ಅರ್ಕಾವತಿಗೆ ಹೆಸರಘಟ್ಟದಲ್ಲಿ ಏರಿ ಕಟ್ಟಿ ಜಲಾಶಯ ಮಾಡಿದರು. ಮಹಾರಾಜ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ಅದು ಚಾಮರಾಜೇಂದ್ರ ವಾಟರ್ ವರ್ಕ್ಸ್ ಎನಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ತೀರಿಕೊಂಡರು. 1896ರ ಹೊತ್ತಿಗೆ ಬೆಂಗಳೂರಿಗೆ ಕೊಳಾಯಿ ನೀರು ಹರಿಯಿತು.

ಇದರಲ್ಲಿ ನಮ್ಮೂರಿನ ಪಾತ್ರವೇನು ಎಂಬುದನ್ನು ಇಂದಿನ ಮಕ್ಕಳು ತಿಳಿಯಬೇಕು. ಹೆಸರಘಟ್ಟದಿಂದ ಸೋಲದೇವನಹಳ್ಳಿಯವರೆಗೆ ನೀರು ಇಟ್ಟಿಗೆ ಕಾಲುವೆಯಲ್ಲಿ ಯಾವ ಯಂತ್ರದ ಸಹಾಯವೂ ಇಲ್ಲದೆ ಇಳಿಜಾರಿನಲ್ಲಿ ತಾನಾಗಿ ಹರಿದು ಬರುತ್ತಿತ್ತು. ಇಲ್ಲಿಂದ ಮುಂದೆ ಹರಿಯಲಾರದು, ಏಕೆಂದರೆ ಬೆಂಗಳೂರು ಇರುವುದು ದಿಣ್ಣೆಯ ಮೇಲೆ, ಅರ್ಕಾವತಿ ಹರಿಯುವುದು ತಗ್ಗಿನಲ್ಲಿ. ಆದ್ದರಿಂದ ನಮ್ಮೂರಿನಲ್ಲಿ ಪಂಪ್‌ಹೌಸ್ ಕಟ್ಟಿ ಹಬೆಯಂತ್ರಗಳಿಂದ ನೀರನ್ನು ಮೇಲಕ್ಕೆ ತಳ್ಳಿದರು. ಬೆಂಗಳೂರಿನ ಮೊದಲ ಕೊಳಾಯಿ ನೀರು ನಮ್ಮೂರನ್ನು ಹಾದೇ ಹೋಯಿತು. ಇಂಜಿನಿಯರುಗಳು ಅಳತೆಯ ಉಪಕರಣ ಹಿಡಿದು ಕಂಡುಕೊಂಡ ಮಟ್ಟವನ್ನೇ ನಮ್ಮ ಹುಡುಗರ ಕಾಲುಗಳು ಪ್ರತಿ ಭಾನುವಾರ ಅಳೆಯುತ್ತಿದ್ದವು. ವಾಪಸು ಬರುವಾಗ ನಾವು ನೀರು ಹರಿದ ದಿಕ್ಕಿನಲ್ಲೇ ಓಡುತ್ತಿದ್ದೆವು!

ಎರಡನೆಯ ಹಾದಿ: ರೈಲ್ವೆ ಸ್ಟೇಷನ್ನಿನಿಂದ ದಿಣ್ಣೆಗೆ

ಇದು ಚಿಕ್ಕ ಹಾದಿ, ಆದರೆ ಕಷ್ಟದ ಹಾದಿ. ಸೋಲದೇವನಹಳ್ಳಿ ಸ್ಟೇಷನ್ ಕಡೆಯಿಂದ ಹೊರಟು, ಚಿಕ್ಕಬಾಣಾವರದ ಕೆರೆಯ ಹತ್ತಿರ ಹಾದು, ಈಗ ಚಿಮಣಿ ಹಿಲ್ಸ್ ಎಂದು ಬಸ್ಸಿನವರು ಕೂಗುವ ದಿಣ್ಣೆಯನ್ನು ಹತ್ತಬೇಕು. ಇಲ್ಲಿ ಏರು ಕಣ್ಣಿಗೇ ಕಾಣುತ್ತದೆ. ಅರ್ಧದಲ್ಲಿ ಎಲ್ಲರೂ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದೆವು. ನಮ್ಮೂರಿನ ಪಂಪುಗಳು ನೀರನ್ನು ಎತ್ತಿದ್ದು ಈ ದಿಣ್ಣೆಯ ಕಡೆಗೇ. ಇಲ್ಲಿಂದ ಮತ್ತೆ ಇಳಿಜಾರಿನಲ್ಲಿ ಮಲ್ಲೇಶ್ವರದ ಕಡೆಗೆ ಹರಿಯುತ್ತಿತ್ತು. ಮಲ್ಲೇಶ್ವರದ ಜ್ಯುವೆಲ್ ಫಿಲ್ಟರ್ ಎಂಬ ಹೆಸರನ್ನು ಹಿರಿಯರು ಕೇಳಿಯೇ ಇರುತ್ತಾರೆ. ಹಬೆಯಂತ್ರ ಏಕೆ ಬೇಕಾಯಿತೆಂದು ಯಾರಾದರೂ ಮಕ್ಕಳಿಗೆ ವಿವರಿಸಬೇಕಾದರೆ ಈ ದಿಣ್ಣೆಯನ್ನು ಒಮ್ಮೆ ಓಡಿ ಹತ್ತಿಸಿದರೆ ಸಾಕು.

ರೈಲು ಹಾದಿ ಕೆರೆಗಿಂತ ಹಳೆಯದು. ಬೆಂಗಳೂರು–ತುಮಕೂರು ನಡುವೆ ಮೀಟರ್‌ಗೇಜ್ ರೈಲು 1884ರಲ್ಲಿ ಬಂತು. ಹತ್ತು ವರ್ಷದ ಅಂತರದಲ್ಲಿ ರೈಲು, ನೀರು ಎರಡೂ ಈ ಸೀಮೆಗೆ ಬಂದವು. ಗಡಿಯಾರವಿಲ್ಲದ ನಮಗೆ ಬೆಳಗಿನ ರೈಲಿನ ಕೂಗೇ ಗಡಿಯಾರ.

ಆ ದಿನಗಳಲ್ಲಿ ಹೆಣ್ಣುಮಕ್ಕಳನ್ನು ಹೆಸರಘಟ್ಟದವರೆಗೆ ಓಡಲು ಕಳಿಸುತ್ತಿರಲಿಲ್ಲ. ಅವರಿಗೆ ಈ ಹಾದಿಯ ಅರ್ಧ ಮಾತ್ರ, ಅದೂ ಮೇಷ್ಟ್ರು ಸೈಕಲ್ಲಿನಲ್ಲಿ ಹಿಂದೆ ಬಂದರೆ. ನಮ್ಮ ಜೊತೆಯ ಒಬ್ಬಿಬ್ಬರು ದಿಣ್ಣೆ ಹತ್ತುವುದರಲ್ಲಿ ಹುಡುಗರನ್ನು ಹಿಂದೆ ಹಾಕುತ್ತಿದ್ದರು ಎಂಬುದನ್ನು ಇಲ್ಲಿ ದಾಖಲಿಸುವುದು ನ್ಯಾಯ.

ಮೂರನೆಯ ಹಾದಿ: ಯಲಹಂಕಕ್ಕೆ

ವರ್ಷಕ್ಕೊಮ್ಮೆ, ದಸರಾ ರಜೆಯಲ್ಲಿ, ಚಿಕ್ಕಬಾಣಾವರ, ಅಬ್ಬಿಗೆರೆ, ಸಿಂಗಾಪುರ, ಅಟ್ಟೂರು ದಾಟಿ ಯಲಹಂಕಕ್ಕೆ ಹೋಗುತ್ತಿದ್ದೆವು. ಹದಿನೈದು ಕಿಲೋಮೀಟರ್ ಆಸುಪಾಸು. ಓಡುವಷ್ಟು ಓಡಿ, ಉಳಿದದ್ದು ನಡೆದು, ಬಸ್ಸಿನಲ್ಲಿ ವಾಪಸು. ದಾರಿಯುದ್ದಕ್ಕೂ ಒಂದು ಕೆರೆ ಕಣ್ಮರೆಯಾಗುವಷ್ಟರಲ್ಲಿ ಇನ್ನೊಂದರ ಏರಿ ಸಿಗುತ್ತಿತ್ತು. ಏರಿಯ ಮಣ್ಣು ಬರಿಗಾಲಿಗೆ ಮೆತ್ತಗಿರುತ್ತದೆ, ನೆರಳೂ ಇರುತ್ತದೆ. ಹಳೆಯ ಕಾಲದ ದಾರಿಗಳು ಏರಿಯಿಂದ ಏರಿಗೆ ಏಕೆ ಸಾಗುತ್ತಿದ್ದವು ಎಂಬುದು ಓಡುವವನಿಗೆ ಬೇಗ ತಿಳಿಯುತ್ತದೆ: ನೀರು, ನೆರಳು, ಮಳೆಗಾಲದಲ್ಲೂ ಕೆಸರಾಗದ ಎತ್ತರ.

ಯಲಹಂಕವು ಇಂದು ನಮಗೆ ಬೆಂಗಳೂರಿನ ಒಂದು ಭಾಗ. ಆದರೆ ಬೆಂಗಳೂರಿಗಿಂತ ಮೊದಲೇ ಅದೊಂದು ನಾಡಿನ ಕೇಂದ್ರ. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಇಳೈಪಾಕ್ಕ ನಾಡು ಎಂದಿರುವುದು ಇದೇ. ಹೊಯ್ಸಳ ವಿಷ್ಣುವರ್ಧನನು ತಲಕಾಡನ್ನು ಗೆದ್ದು ಚೋಳರನ್ನು ಹಿಂದೆ ಸರಿಸಿದ ಮೇಲೆ ಈ ಸೀಮೆ ಹೊಯ್ಸಳರದಾಯಿತು. ಆಮೇಲೆ ವಿಜಯನಗರದ ಕಾಲದಲ್ಲಿ, ಆವತಿಯ ಕಡೆಯಿಂದ ಬಂದ ಗೌಡರ ಮನೆತನ ಯಲಹಂಕದಲ್ಲಿ ನೆಲೆನಿಂತು ನಾಡಪ್ರಭುಗಳೆನಿಸಿತು. ಆ ಮನೆತನದ ಹಿರಿಯ ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ, ಪೇಟೆಗಳನ್ನು ಕಟ್ಟಿದರು. ರಾಜಧಾನಿ ಬದಲಾದರೂ 'ಯಲಹಂಕ ನಾಡಪ್ರಭು' ಎಂಬ ಬಿರುದು ಬದಲಾಗಲಿಲ್ಲ. 1638ರಲ್ಲಿ ಬಿಜಾಪುರದ ಸೈನ್ಯಕ್ಕೆ ಬೆಂಗಳೂರನ್ನು ಬಿಟ್ಟು ಮಾಗಡಿಗೆ ಹೋದ ಮೇಲೂ ಮನೆತನ ಆ ಹೆಸರನ್ನು ಉಳಿಸಿಕೊಂಡಿತು. ಹೊಸ ಪೇಟೆಯ ಉತ್ತರದ ಬಾಗಿಲಿಗೂ ಯಲಹಂಕ ಬಾಗಿಲು ಎಂದೇ ಹೆಸರು. ಈಗಿನ ಮೈಸೂರು ಬ್ಯಾಂಕ್ ವೃತ್ತದ ಬಳಿ ಅದು ಇತ್ತು.

ಈ ಸೀಮೆಯ ಜನವಸತಿ ಇನ್ನೂ ಹಳೆಯದು. 2018ರಲ್ಲಿ ಹೆಬ್ಬಾಳದಲ್ಲಿ ದೊರೆತ ವೀರಗಲ್ಲಿನ ಶಾಸನ ಕ್ರಿ.ಶ. 750ರ ಸುಮಾರಿನದು, ಗಂಗರ ಶ್ರೀಪುರುಷನ ಕಾಲದ್ದು. ರಾಷ್ಟ್ರಕೂಟರ ಪಡೆ ಬಂದಾಗ ಹೋರಾಡಿ ಮಡಿದ ಕಿತ್ತಯ್ಯ ಎಂಬುವನ ಹೆಸರು ಅದರಲ್ಲಿದೆ. ಅಂಥ ಕಲ್ಲು ಎಷ್ಟೋ ಕಾಲ ಯಾರ ಗಮನಕ್ಕೂ ಬಾರದೆ ಬಿದ್ದಿತ್ತು ಎಂಬುದನ್ನು ನಮ್ಮ ಊರಿನವರೂ ನೆನಪಿಡಬೇಕು. ಹೊಲದ ಬದುವಿನ ಅಕ್ಷರವಿರುವ ಯಾವ ಕಲ್ಲನ್ನೂ ಪಾಯಕ್ಕೆ ಹಾಕಬಾರದು.

ಓಟಕ್ಕೂ ಈ ರಾಜ್ಯದ ಚರಿತ್ರೆಗೂ ಇನ್ನೊಂದು ನಂಟಿದೆ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಮೈಸೂರು ರಾಜ್ಯದಲ್ಲಿ ಅಂಚೆ ಆರಂಭಿಸಿದರು. ಕಾಗದದ ಚೀಲ ಹೊತ್ತ ಆಳು ಒಂದು ಠಾಣೆಯಿಂದ ಮುಂದಿನ ಠಾಣೆಗೆ ಓಡಿ ಇನ್ನೊಬ್ಬನಿಗೆ ಒಪ್ಪಿಸುತ್ತಿದ್ದ. 1889ರಲ್ಲಿ ಬ್ರಿಟಿಷರ ಅಂಚೆಯೊಂದಿಗೆ ಸೇರುವವರೆಗೂ ಅದು ನಡೆಯಿತು. ನಮ್ಮ ನಾಡಿನಲ್ಲಿ ದೂರದ ಓಟ ಆಟವಾಗುವುದಕ್ಕೆ ಮೊದಲು ಬಡವರ ಉದ್ಯೋಗವಾಗಿತ್ತು.

ಈಗಿನ ಸ್ಥಿತಿ

1920ರ ದಶಕದ ಮಳೆ ಕೊರತೆಯ ನಂತರ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. 1974ರಲ್ಲಿ ಕಾವೇರಿ ನೀರು ಬಂತು. ಬೆಂಗಳೂರು ಹೆಸರಘಟ್ಟವನ್ನು ಮರೆಯಿತು, ಕೆರೆಯೂ ಎಷ್ಟೋ ವರ್ಷ ಒಣಗಿತು. 2022ರ ಮಳೆಗೆ ಮತ್ತೆ ತುಂಬಿದಾಗ ಏರಿಯ ಮೇಲೆ ಜಾತ್ರೆಯಂತೆ ಜನ ಸೇರಿದ್ದರು. ಪಕ್ಕದ ಹುಲ್ಲುಗಾವಲಿನ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿದ್ದು ಸಂತೋಷದ ವಿಷಯ.

ಆದರೆ ನಮ್ಮ ಹಾದಿಗಳ ಕಥೆ ಬೇರೆ. ಮೊದಲ ಹಾದಿಯ ಗಾಡಿ ಜಾಡಿನ ಮೇಲೆ ಲೇಔಟುಗಳ ಕಾಂಪೌಂಡು ಎದ್ದಿದೆ. ಹೆಸರಘಟ್ಟ ರಸ್ತೆಯಲ್ಲಿ ಬೆಳಗಿನ ಐದಕ್ಕೇ ಟಿಪ್ಪರುಗಳ ಸಾಲು, ಅಲ್ಲಿ ಮಕ್ಕಳನ್ನು ಓಡಿಸಲು ಯಾವ ಶಿಕ್ಷಕರಿಗೂ ಧೈರ್ಯ ಬರದು. ಎರಡನೆಯ ದಿಣ್ಣೆಯ ತುಂಬ ಮನೆಗಳು. ಮೂರನೆಯ ಹಾದಿಯ ಏರಿಗಳು ಡಾಂಬರು ರಸ್ತೆಗಳಾಗಿವೆ. ಇಂದಿನ ಮಕ್ಕಳು ಶಾಲೆಯ ಅಂಗಳದಲ್ಲೇ ಸುತ್ತು ಹಾಕುತ್ತಾರೆ. ಊರು ಬೆಳೆಯಬಾರದೆಂದು ನಾನು ಹೇಳುತ್ತಿಲ್ಲ, ಲೇಔಟಿನ ಮನೆಗಳಿಂದ ಬರುವ ಮಕ್ಕಳೂ ಈ ಶಾಲೆಯ ಮಕ್ಕಳೇ. ಹಾದಿ ಹೋದರೆ ಅದರ ಜೊತೆಗಿನ ತಿಳಿವಳಿಕೆಯೂ ಹೋಗುತ್ತದೆ ಎಂಬುದಷ್ಟೇ ನನ್ನ ಚಿಂತೆ. ತಮ್ಮೂರು ಒಂದು ಕಾಲಕ್ಕೆ ರಾಜಧಾನಿಗೆ ನೀರೆತ್ತಿ ಕೊಟ್ಟಿತೆಂಬುದು ಹತ್ತನೇ ತರಗತಿಯ ಎಷ್ಟು ಮಕ್ಕಳಿಗೆ ಗೊತ್ತು?

ಹಳೆಯ ವಿದ್ಯಾರ್ಥಿಗಳಲ್ಲಿ, ಊರ ಹಿರಿಯರಲ್ಲಿ ನನ್ನ ವಿನಂತಿ ಮೂರು. ಮೊದಲನೆಯದು, ಈ ಹಾದಿಗಳಲ್ಲಿ ಓಡಿದವರು, ಎತ್ತಿನ ಗಾಡಿ ಹೊಡೆದವರು, ಪಂಪ್‌ಹೌಸಿನಲ್ಲಿ ದುಡಿದವರ ಮನೆಯವರು ತಮಗೆ ನೆನಪಿರುವ ಗುರುತುಗಳನ್ನು ಶಾಲೆಗೆ ಬಂದು ಹೇಳಬೇಕು. ಎಂಟನೇ ತರಗತಿಯ ಮಕ್ಕಳು ಅದನ್ನು ಬರೆದುಕೊಂಡು ನಕ್ಷೆ ಮಾಡಲಿ. ಎರಡನೆಯದು, ವರ್ಷಕ್ಕೊಂದು ಭಾನುವಾರ ಜಲಮಂಡಳಿಯ ಮತ್ತು ಪೊಲೀಸರ ಅನುಮತಿ ಪಡೆದು, ಹೆಸರಘಟ್ಟ ಏರಿಯಿಂದ ನಮ್ಮೂರಿನವರೆಗೆ ಹುಡುಗರು ಹುಡುಗಿಯರು ಇಬ್ಬರಿಗೂ ಒಂದೇ ಓಟ ಏರ್ಪಡಿಸಬೇಕು. ಮೂರನೆಯದು, ಗೆದ್ದವರಿಗೆ ಬಹುಮಾನ ಕೊಡುವ ಮೊದಲು ಎಲ್ಲ ಮಕ್ಕಳನ್ನೂ ಕೂರಿಸಿಕೊಂಡು, ಎಲ್ಲಿ ಉಸಿರು ಕಟ್ಟಿತೆಂದು ಕೇಳಬೇಕು. ಖರ್ಚಿಗೆ ನನ್ನ ಪಾಲಿನ ದೇಣಿಗೆಯನ್ನು ಸಮಿತಿಗೆ ಈಗಾಗಲೇ ಒಪ್ಪಿಸಿದ್ದೇನೆ. ಉಳಿದದ್ದನ್ನು ನಾವೆಲ್ಲರೂ ಸೇರಿ ಮಾಡೋಣ.