ಮೇಣದ ಮೇಲಿನ ಮೆಟ್ಟಿಲು: ರಾಮಾಮಾತ್ಯನ ವೀಣೆಯನ್ನು ನಾವು ಓದಿದ ಬಗೆ

ವೀಣೆಯ 24 ಸ್ಥಿರ ಮೆಟ್ಟಿಲುಗಳು ತಂಜಾವೂರಿನ ರಘುನಾಥನಾಯಕನ ಆಳ್ವಿಕೆಯಲ್ಲಿ (1600–1634) ರೂಪುಗೊಂಡವು, ಅದಕ್ಕೆ ಮೊದಲು ಮೆಟ್ಟಿಲುಗಳು ಕಡಿಮೆಯಿದ್ದವು, ಅತ್ತಿತ್ತ ಸರಿಸುವಂಥವಾಗಿದ್ದವು ಎಂಬುದು ಪ್ರೊ. ಪಿ. ಸಾಂಬಮೂರ್ತಿಯವರ ನಿಲುವು. ಅವರ ಬರಹದಿಂದ ಇದು ಪಠ್ಯಪುಸ್ತಕಗಳಿಗೂ ಪರೀಕ್ಷೆಯ ಉತ್ತರಪತ್ರಿಕೆಗಳಿಗೂ ಇಳಿದು ಈಗ ಪ್ರಶ್ನೆ ಕೇಳಬಾರದ ಸತ್ಯವಾಗಿ ಕೂತಿದೆ. ಸಾಂಬಮೂರ್ತಿಯವರ ವಿದ್ವತ್ತಿಗೆ ನಾನು ತಲೆಬಾಗುತ್ತೇನೆ. ದಕ್ಷಿಣದ ವಾದ್ಯಗಳನ್ನು ಕುರಿತು ಅವರಷ್ಟು ಬರೆದವರು ವಿರಳ. ಅವರ ಒಂದು ವಾಕ್ಯವನ್ನು ಮೂಲಗ್ರಂಥ ತೆರೆಯದೆ ಮುಂದಕ್ಕೆ ದಾಟಿಸುತ್ತ ಬಂದವರ ಬಗ್ಗೆ ಮಾತ್ರ ನನ್ನಲ್ಲಿ ಅಷ್ಟು ತಾಳ್ಮೆ ಉಳಿದಿಲ್ಲ. ತೆರೆಯಬೇಕಾದ ಗ್ರಂಥ ದೂರದ್ದೂ ಅಲ್ಲ. ಅಳಿಯ ರಾಮರಾಯನ ಅಪೇಕ್ಷೆಯಂತೆ ವಿಜಯನಗರದ ರಾಮಾಮಾತ್ಯ 1550ರಲ್ಲಿ ಮುಗಿಸಿದ ‘ಸ್ವರಮೇಳಕಲಾನಿಧಿ’ 1932ರಲ್ಲೇ ಅಣ್ಣಾಮಲೈ ವಿಶ್ವವಿದ್ಯಾಲಯದಿಂದ ಎಂ. ಎಸ್. ರಾಮಸ್ವಾಮಿ ಅಯ್ಯರ್ ಅವರ ಸಂಪಾದನೆಯಲ್ಲಿ ಅಚ್ಚಾಗಿದೆ.

ರಾಮಾಮಾತ್ಯ ಮೂರು ವೀಣೆಗಳನ್ನು ಹೇಳುತ್ತಾನೆ: ಶುದ್ಧಮೇಳವೀಣೆ, ಅಚ್ಯುತರಾಜೇಂದ್ರಮೇಳವೀಣೆ, ಮಧ್ಯಮೇಳವೀಣೆ. ಪ್ರತಿಯೊಂದರಲ್ಲೂ ಎರಡು ಬಗೆ. ಎಲ್ಲ ರಾಗಗಳಿಗೂ ಬೇಕಾದ ಸ್ವರಗಳು ಎಲ್ಲ ಸ್ಥಾಯಿಗಳಲ್ಲೂ ದೊರೆಯುವಂತೆ ಮೆಟ್ಟಿಲು ಕೂರಿಸಿದ್ದು ಸರ್ವರಾಗಮೇಳವೀಣೆ; ಒಂದೊಂದು ರಾಗಕ್ಕೆ ತಕ್ಕಂತೆ ಮೆಟ್ಟಿಲು ಕೂರಿಸಿಕೊಳ್ಳುವುದು ಏಕರಾಗಮೇಳವೀಣೆ. ರಘುನಾಥನಾಯಕ ಪಟ್ಟಕ್ಕೆ ಬರುವ ಐವತ್ತು ವರ್ಷ ಮೊದಲೇ, ತಂತಿ ಮೀಟುವ ಮುನ್ನ ಯಾವ ಮೆಟ್ಟಿಲನ್ನೂ ಮುಟ್ಟಬೇಕಾಗಿಲ್ಲದ ವೀಣೆ ಗ್ರಂಥಸ್ಥವಾಗಿತ್ತು. ಅಚ್ಯುತರಾಜೇಂದ್ರ ಎಂದರೆ ತಂಜಾವೂರಿನ ಅಚ್ಯುತಪ್ಪನಾಯಕ ಇರಬಹುದೆಂದು ಯಾರಾದರೂ ಎಳೆಯಲು ನೋಡಿದರೆ ಕಾಲ ಹೊಂದುವುದಿಲ್ಲ. 1550ರಲ್ಲಿ ಆತ ಇನ್ನೂ ಅಧಿಕಾರಕ್ಕೇ ಬಂದಿರಲಿಲ್ಲ. ಅದು 1529ರಿಂದ 1542ರವರೆಗೆ ಆಳಿದ ವಿಜಯನಗರದ ಅಚ್ಯುತದೇವರಾಯನ ಹೆಸರು. ಇಷ್ಟಕ್ಕೇ ವಾದ ಮುಗಿಯಬೇಕಿತ್ತು. ಮುಗಿಯದಿರುವುದಕ್ಕೆ ಕಾರಣ, ರಾಮಾಮಾತ್ಯನನ್ನೇ ನಂಬಬಾರದು ಎನ್ನುವ ಇನ್ನೊಂದು ಪರಂಪರೆ.

ಆ ಪರಂಪರೆಗೆ ಮೂಲಪುರುಷ ವೆಂಕಟಮಖಿ. ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ ಆತ ರಾಮಾಮಾತ್ಯನ ಮೇಳಗಳ ಮೇಲೆ ಮಾಡಿದ ದಾಳಿ ಪ್ರಸಿದ್ಧ. ಇಪ್ಪತ್ತನೆಯ ಶತಮಾನದ ಲೇಖಕರಲ್ಲಿ ಹಲವರು ಅದರ ಜತೆಗೆ ಒಂದು ಸ್ಥಳವನ್ನು ವಿಶೇಷವಾಗಿ ಎತ್ತಿ ತೋರಿಸುತ್ತಾರೆ. ರಾಮಾಮಾತ್ಯ ಮೊದಲು 20 ಮೇಳಗಳನ್ನು ಹೇಳುತ್ತಾನೆ. ಆಮೇಲೆ, ಅಂತರ ಗಾಂಧಾರಕ್ಕೂ ಕಾಕಲಿ ನಿಷಾದಕ್ಕೂ ಬೇರೆ ಮೆಟ್ಟಿಲು ಬೇಡ, ಚ್ಯುತಮಧ್ಯಮ ಗಾಂಧಾರವೂ ಚ್ಯುತಷಡ್ಜ ನಿಷಾದವೂ ಅವುಗಳ ಪ್ರತಿನಿಧಿಗಳಾಗಲಿ ಎಂದು ಬಿಟ್ಟು, ಹಾಗಾದರೆ ಮೇಳ 15 ಸಾಕು ಎನ್ನುತ್ತಾನೆ. ಒಂದೇ ಗ್ರಂಥದಲ್ಲಿ ಎರಡು ಲೆಕ್ಕ! ಶಾಸ್ತ್ರದಲ್ಲಿ ಗೊಂದಲ, ನಿರ್ಧಾರದಲ್ಲಿ ಸಡಿಲ, ತಾನೇ ಕೊಟ್ಟ ಸ್ವರಕ್ಕೆ ತಾನೇ ಜಾಗ ಕೊಡದವನು ಎಂದು ತೀರ್ಪಾಯಿತು. ಇಂಥವನ ವೀಣಾಪ್ರಕರಣ ಬರೀ ಪುಸ್ತಕದ ಕಲ್ಪನೆ, ನಿಜವಾದ ವೀಣೆ ತಂಜಾವೂರಿನಲ್ಲೇ ಆದದ್ದು ಎಂಬ ತೀರ್ಮಾನಕ್ಕೆ ಅಲ್ಲಿಂದ ಒಂದೇ ಹೆಜ್ಜೆ.

ಈ ಸ್ಥಳವನ್ನೇ ನಾನು ರಾಮಾಮಾತ್ಯನ ಪರವಾದ ಅತಿ ದೊಡ್ಡ ಸಾಕ್ಷ್ಯವೆಂದು ಎಣಿಸುತ್ತೇನೆ. ಅದಕ್ಕೆ ಅವನ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡಬೇಕು.

ಶುದ್ಧಮೇಳವೀಣೆಯ ಮೇಲಿನ ನಾಲ್ಕು ತಂತಿಗಳ ಶ್ರುತಿ ಕ್ರಮವಾಗಿ ಅನುಮಂದ್ರ ಷಡ್ಜ, ಅನುಮಂದ್ರ ಪಂಚಮ, ಮಂದ್ರ ಷಡ್ಜ, ಮಂದ್ರ ಮಧ್ಯಮ. ಮೇರುವಿನಿಂದ ಆಚೆಗೆ ಆರು ಮೆಟ್ಟಿಲು. ಷಡ್ಜದ ತಂತಿಯಲ್ಲಿ ಅವು ಶುದ್ಧ ರಿಷಭ, ಶುದ್ಧ ಗಾಂಧಾರ, ಸಾಧಾರಣ ಗಾಂಧಾರ, ಚ್ಯುತಮಧ್ಯಮ ಗಾಂಧಾರ, ಶುದ್ಧ ಮಧ್ಯಮ, ಚ್ಯುತಪಂಚಮ ಮಧ್ಯಮ ಎಂದು ನುಡಿಯುತ್ತವೆ. ಅವೇ ಆರು ಮೆಟ್ಟಿಲುಗಳು ಪಂಚಮದ ತಂತಿಯಲ್ಲಿ ಶುದ್ಧ ಧೈವತ, ಶುದ್ಧ ನಿಷಾದ, ಕೈಶಿಕಿ ನಿಷಾದ, ಚ್ಯುತಷಡ್ಜ ನಿಷಾದ, ಷಡ್ಜ, ಶುದ್ಧ ರಿಷಭ. ಇಲ್ಲಿ ನಾಲ್ಕನೆಯ ಮೆಟ್ಟಿಲನ್ನು ಗಮನಿಸಬೇಕು. ವಿವಾದದಲ್ಲಿರುವ ಗಾಂಧಾರವೂ ನಿಷಾದವೂ ಎರಡು ಬೇರೆ ಮೆಟ್ಟಿಲುಗಳ ಮೇಲಿಲ್ಲ; ಎರಡೂ ಆ ಒಂದೇ ಲೋಹದ ಪಟ್ಟಿಯ ಮೇಲಿವೆ. ಅಂದರೆ ಅಂತರ–ಕಾಕಲಿಗಳಿಗೆ ಜಾಗ ಕೊಡುವುದೆಂದರೆ ಈ ನಾಲ್ಕನೆಯದರ ಹಿಂದೆ, ಒಂದು ಶ್ರುತಿಯ ಅಂತರದಲ್ಲಿ, ಇನ್ನೊಂದು ಪಟ್ಟಿ ಕೂರಿಸುವುದು.

ಕೂರಿಸಿದರೆ ಏನಾಗುತ್ತದೆ? ಇಂದಿನ ವೀಣೆಗೆ ಸಮೀಪವಾಗುವಂತೆ ಮೇರುವಿನಿಂದ ಕುದುರೆಯವರೆಗೆ ತಂತಿಯ ಉದ್ದ 80 ಸೆಂ.ಮೀ. ಎಂದು ಹಿಡಿಯೋಣ. ಅಂತರ ಗಾಂಧಾರವನ್ನು 5/4 ಎಂದೂ ಒಂದು ಶ್ರುತಿಯನ್ನು 81/80 ಎಂದೂ ಇಟ್ಟುಕೊಂಡರೆ, ಮೊದಲನೆಯದು ಮೇರುವಿನಿಂದ 16 ಸೆಂ.ಮೀ.ಗೆ ಬೀಳುತ್ತದೆ, ಚ್ಯುತಮಧ್ಯಮ ಗಾಂಧಾರ ಸುಮಾರು 16.8ಕ್ಕೆ. ನಡುವೆ 8 ಮಿ.ಮೀ. ಮೇಲಿನ ಸ್ಥಾಯಿಯಲ್ಲಿ ಇದು ಅರ್ಧವಾಗಿ 4 ಮಿ.ಮೀ.ಗೆ ಇಳಿಯುತ್ತದೆ. ಮೆಟ್ಟಿಲಿನ ಪಟ್ಟಿಗೇ ಕೆಲವು ಮಿ.ಮೀ. ಅಗಲವಿರುವಾಗ ಎರಡು ಪಟ್ಟಿಗಳು ಒಂದಕ್ಕೊಂದು ತಾಗಿಯೇ ಕೂರುತ್ತವೆ. ಶ್ರುತಿಯ ಪ್ರಮಾಣ ಅಷ್ಟು ಚಿಕ್ಕದಲ್ಲ, ಸ್ಥಾಯಿಯನ್ನು 22 ಸಮಭಾಗ ಮಾಡಬೇಕು ಎನ್ನುವವರ ಲೆಕ್ಕವನ್ನೇ ಒಪ್ಪಿದರೂ (ನಾನು ಒಪ್ಪುವುದಿಲ್ಲ, ಆದರೆ ವಾದಕ್ಕೆ ಇರಲಿ) ಕೆಳಗೆ ಸುಮಾರು 2 ಸೆಂ.ಮೀ., ಮೇಲಿನ ಸ್ಥಾಯಿಯಲ್ಲಿ 1 ಸೆಂ.ಮೀ. ಸಿಗುತ್ತದೆ. ತೋರುಬೆರಳು, ನಡುಬೆರಳು ಎರಡನ್ನೂ ಸೇರಿಸಿ ಒತ್ತಿ, ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತೆಗೆಯುವ ವಾದ್ಯದಲ್ಲಿ ಆ 1 ಸೆಂ.ಮೀ. ಏನೇನೂ ಸಾಲದು, ಬೆರಳು ಹಿಂದಿನ ಪಟ್ಟಿಯ ಮೇಲೇರಿ ನಾದ ಸಾಯುತ್ತದೆ. ಮೆಟ್ಟಿಲುಗಳು ಒತ್ತೊತ್ತಾಗಬಾರದು ಎಂಬ ರಾಮಾಮಾತ್ಯನ ಎಚ್ಚರಿಕೆ ಹುಟ್ಟಿದ್ದು ಈ ಅಳತೆಯಲ್ಲಿ.

ಇನ್ನೂ ಒಂದು ತೊಡಕಿದೆ. ನನಗೆ ತಿಳಿದಮಟ್ಟಿಗೆ ಇದನ್ನು ವಿಮರ್ಶಕರು ಪರಿಗಣಿಸಿಲ್ಲ. ಪಟ್ಟಿ ನಾಲ್ಕೂ ತಂತಿಗಳ ಅಡಿಯಲ್ಲಿ ಅಡ್ಡಲಾಗಿ ಹಾಯುತ್ತದೆ. ಮಧ್ಯಮದ ತಂತಿಯಲ್ಲಿ ನಾಲ್ಕನೆಯ ಮೆಟ್ಟಿಲು ಕೊಡುವುದು ಶುದ್ಧ ನಿಷಾದ. ಅದರ ಹಿಂದೆ ಹೊಸ ಪಟ್ಟಿ ಕೂರಿಸಿದರೆ ಆ ತಂತಿಯಲ್ಲಿ ಶುದ್ಧ ನಿಷಾದಕ್ಕಿಂತ ಒಂದು ಶ್ರುತಿ ಇಳಿದ, ಯಾವ ಮೇಳಕ್ಕೂ ಬೇಡವಾದ ಸ್ವರ ನುಡಿಯುತ್ತದೆ. ಷಡ್ಜ, ಪಂಚಮದ ತಂತಿಗಳಿಗೆ ಉಪಕಾರ ಮಾಡಲು ಹೋಗಿ ಮಧ್ಯಮದ ತಂತಿಯನ್ನು ಕೆಡಿಸಿದಂತೆ. ಇದೆಲ್ಲ ಹೊಳೆಯಬೇಕಾದರೆ ತಂತಿ ಬಿಗಿದ ದಂಡಿಯ ಮುಂದೆ ಕೂತು ಒಂದೊಂದೇ ಪಟ್ಟಿ ಇಟ್ಟು ನೋಡಿರಬೇಕು. ಗಾಯಕನ ಕಂಠದಲ್ಲಿ 20 ಮೇಳ, ವೀಣೆಯ ದಂಡಿಯಲ್ಲಿ 15: ರಾಮಾಮಾತ್ಯ ಕೊಟ್ಟ ಎರಡು ಲೆಕ್ಕಗಳನ್ನು ನಾನು ಹೀಗೆ ಓದುತ್ತೇನೆ. ವೆಂಕಟಮಖಿ ಗಣಿತದ ದೊಡ್ಡ ಪ್ರತಿಭೆ. ಅವನ 72 ಮೇಳಗಳ ಮುಂದೆ 15 ಚಿಕ್ಕ ಸಂಖ್ಯೆಯೇ. ಆದರೆ ಮೇಳ ಕಟ್ಟುವವನ, ಎಂದರೆ ವೀಣೆಗೆ ಮೆಟ್ಟಿಲು ಕೂರಿಸುವವನ, ಕಷ್ಟವನ್ನು ಗ್ರಂಥಕ್ಕೆ ತಂದವನನ್ನು ಗಣಿತ ತಪ್ಪಿದವನೆಂದು ದೂರುವುದು ನ್ಯಾಯವಲ್ಲ.

ಇನ್ನು ಸರಿಸುವ ಮೆಟ್ಟಿಲಿನ ಮಾತು. ಸರಿಸುವುದೆಂದ ಕೂಡಲೇ ನಮ್ಮ ಲೇಖಕರ ಕಣ್ಣಿಗೆ ಸಿತಾರ್ ಬರುತ್ತದೆ, ದಾರದಿಂದ ಕಟ್ಟಿದ, ಬೆರಳಲ್ಲಿ ತಳ್ಳಿದರೆ ಜರುಗುವ ಮೆಟ್ಟಿಲು. ಅದು ಹಳೆಯದು, ಮೇಣದಲ್ಲಿ ನೆಟ್ಟದ್ದು ಹೊಸದು ಎಂದು ಇತಿಹಾಸವನ್ನು ಎರಡು ಭಾಗ ಮಾಡುತ್ತಾರೆ. ದಕ್ಷಿಣದ ವೀಣೆಗೆ ಈ ವಿಭಾಗ ಹೊಂದುವುದೇ ಇಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಕಿನ್ನರಿ ವೀಣೆಯ ಮೆಟ್ಟಿಲುಗಳನ್ನು ಹದ್ದಿನ ಎದೆಮೂಳೆಯಿಂದಲೋ ಲೋಹದಿಂದಲೋ ಮಾಡಿ, ಬಟ್ಟೆ ಸುಟ್ಟ ಮಸಿ ಬೆರೆಸಿದ ಮೇಣದಿಂದ ದಂಡಿಗೆ ಕೂರಿಸಬೇಕೆಂದು ಹೇಳಿದ್ದಾನೆ. ಆ ಗ್ರಂಥಕ್ಕೆ ಕಲ್ಲಿನಾಥ ವ್ಯಾಖ್ಯಾನ ಬರೆದದ್ದು ಇಮ್ಮಡಿ ದೇವರಾಯನ ಕಾಲದ ವಿಜಯನಗರದಲ್ಲಿ, ರಾಮಾಮಾತ್ಯನಿಗಿಂತ ಒಂದು ಶತಮಾನ ಮೊದಲು. ಮೇಣದ ಮೇಲೆ ಮೆಟ್ಟಿಲು ಕೂರಿಸುವ ವಿದ್ಯೆಯನ್ನು ತಂಜಾವೂರು ಕಂಡುಹಿಡಿಯಬೇಕಾಗಿರಲಿಲ್ಲ.

ಮೇಣದಲ್ಲಿ ಕೂತದ್ದು ಎಷ್ಟು ಸ್ಥಿರ ಎಂಬುದನ್ನು ಉಪ್ಪಿನಂಗಡಿಯಂಥ ಊರಿನಲ್ಲಿ ಯಾರೂ ವಿವರಿಸಿ ಹೇಳಬೇಕಿಲ್ಲ. ಇಲ್ಲಿ ವೀಣೆ ತಯಾರಾಗುವುದಿಲ್ಲ. ನೇತ್ರಾವತಿ–ಕುಮಾರಧಾರೆಯ ಈ ಸೀಮೆಯ ಹಿತ್ತಿಲುಗಳಲ್ಲಿ ಹಲಸಿನ ಮರಕ್ಕೇನೂ ಬರವಿಲ್ಲದಿದ್ದರೂ ಅದು ಬಾಗಿಲ ದಾರಂದಕ್ಕೆ, ಚೆಂಡೆ–ಮದ್ದಳೆಯ ಗೂಡಿಗೆ ಹೋಗುತ್ತದೆ. ವೀಣೆ ಬರುವುದು ಮೈಸೂರಿನಿಂದ, ತಂಜಾವೂರಿನಿಂದ, ಈಚೆಗೆ ದೊಡ್ಡಬಳ್ಳಾಪುರದ ಬಳಿಯ ಸಿಂಪಾಡಿಪುರದಿಂದ. ಬಂದ ಮೇಲೆ ಅದು ನಮ್ಮ ಹವೆಗೆ ಸಿಕ್ಕಿಬೀಳುತ್ತದೆ. ಜೇನುಮೇಣ ಕರಗುವುದು 62ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಾದರೂ 35 ದಾಟಿದರೆ ಮೆದುವಾಗತೊಡಗುತ್ತದೆ, ಮಾರ್ಚ್–ಏಪ್ರಿಲ್‌ನಲ್ಲಿ ಈ ಕಡೆಯ ಮಧ್ಯಾಹ್ನಗಳು ಅದನ್ನು ದಾಟುತ್ತವೆ. ಬೆರಳ ಒತ್ತಡಕ್ಕೆ ಮೆಟ್ಟಿಲು ಕೂದಲೆಳೆಯಷ್ಟು ತಗ್ಗಿದರೂ ಪಕ್ಕದ ಮೆಟ್ಟಿಲಿಗೆ ತಂತಿ ತಾಗಿ ಜರ್ರೆನ್ನುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಮರ ತೇವ ಕುಡಿದು ಉಬ್ಬುತ್ತದೆ, ಬಿರಡೆ ಬಿಗಿಯುತ್ತದೆ, ದಂಡಿಯೂ ಬುರುಡೆಯೂ ಸೇರುವ ಕಡೆ ಸೂಕ್ಷ್ಮವಾಗಿ ಬಾಗುತ್ತದೆ. ಆಗ ಮೇಳ ಕಟ್ಟುವವರು ಬೇಕು.

ಅವರು ಮಾಡುವುದನ್ನು ಹತ್ತಿರ ಕೂತು ನೋಡಿದರೆ ರಾಮಾಮಾತ್ಯನ ವೀಣಾಪ್ರಕರಣ ಬೇರೆಯೇ ಆಗಿ ಕಾಣುತ್ತದೆ. ಹಳೆಯ ಮೇಣವನ್ನು ಕೆರೆದು ತೆಗೆದು, ಹೊಸ ಮೇಣಕ್ಕೆ ರಾಳ, ಕಪ್ಪುಪುಡಿ ಸೇರಿಸಿ ಕಾಯಿಸುತ್ತಾರೆ. ಪುಡಿ ಬರೀ ಬಣ್ಣಕ್ಕಲ್ಲ. ಅದು ಮೇಣಕ್ಕೆ ಗಟ್ಟಿತನ ಕೊಟ್ಟು ಬೇಸಗೆಯಲ್ಲಿ ಹರಿಯದಂತೆ ತಡೆಯುತ್ತದೆ. ಶಾರ್ಙ್ಗದೇವನ ಬಟ್ಟೆಯ ಮಸಿಯದೂ ಇದೇ ಕೆಲಸ. ಬಿಸಿಯಿರುವಾಗಲೇ ದಂಡಿಯ ಎರಡು ಅಂಚಿಗೂ ಮೇಣವನ್ನು ಏರಿಯಂತೆ ಒತ್ತಿ, ಅದರ ಮೇಲೆ ಮೆಟ್ಟಿಲು ಇಟ್ಟು, ತಂತಿ ಮೀಟಿ, ಕಿವಿಗೊಟ್ಟು ಕೇಳಿ ತುಸು ಹಿಂದಕ್ಕೆ, ತುಸು ಮುಂದಕ್ಕೆ ಜರುಗಿಸುತ್ತಾರೆ. ಒಂದು ತಂತಿಯಲ್ಲಿ ಒತ್ತಿದ ಸ್ವರವನ್ನು ಇನ್ನೊಂದರ ಬಿಟ್ಟ ತಂತಿಯೊಂದಿಗೆ ಹೋಲಿಸುತ್ತಾರೆ. ರಾಮಾಮಾತ್ಯನ ಪಂಚಮದ ತಂತಿಯ ಐದನೆಯ ಮೆಟ್ಟಿಲು ಮಂದ್ರ ಷಡ್ಜ, ಮೂರನೆಯ ತಂತಿ ಬಿಟ್ಟರೆ ಅದೇ ಷಡ್ಜ. ಮೂರನೆಯ ತಂತಿಯ ಐದನೆಯ ಮೆಟ್ಟಿಲು ಮಂದ್ರ ಮಧ್ಯಮ, ನಾಲ್ಕನೆಯದು ಬಿಟ್ಟರೆ ಅದೇ ಮಧ್ಯಮ. ಎರಡು ಕಡೆಯ ತಾಳೆ ಒಂದೇ ಮೆಟ್ಟಿಲಿನಲ್ಲಿ ಕೂಡಿದರೆ ಅದರ ಜಾಗ ಖಚಿತ. ಮೇಣ ಆರಿದ ಮೇಲೆ ಅದು ಸ್ಥಿರ. ಮತ್ತೆ ಬಿಸಿ ಮುಟ್ಟಿಸಿದರೆ ಚಲ.

ಹೀಗಿರುವಾಗ ಸರ್ವರಾಗಮೇಳ, ಏಕರಾಗಮೇಳ ಎಂಬವು ಎರಡು ಯುಗಗಳಲ್ಲ, ಒಂದೇ ದಂಡಿಯ ಮೇಲೆ ಮಾಡಬಹುದಾದ ಎರಡು ಜೋಡಣೆಗಳು. ಅಂತರ ಗಾಂಧಾರವೇ ಬೇಕೆಂದು ಹಟ ಹಿಡಿದವನಿಗೆ ಏಕರಾಗಮೇಳದಲ್ಲಿ ನಾಲ್ಕನೆಯ ಮೆಟ್ಟಿಲನ್ನು ಬಿಸಿ ಮಾಡಿ ಹಿಂದಕ್ಕೆ ಸರಿಸಿಕೊಳ್ಳಲು ಅಡ್ಡಿಯಿಲ್ಲ. ಇದು ನನ್ನ ಊಹೆ, ಗ್ರಂಥದ ಮಾತಲ್ಲ. ಆದರೆ ಕಿನ್ನರಿಯ ಮೇಣವನ್ನು ಬಲ್ಲ ನಾಡಿನಲ್ಲಿ ಇದಕ್ಕಿಂತ ಸಹಜವಾದ ವಿವರಣೆ ನನಗೆ ಕಾಣದು. 24ರ ಲೆಕ್ಕವೂ ಹಾಗೆಯೇ. ಸ್ಥಾಯಿಗೆ 12 ಸ್ಥಾನ ಎಂದು ಒಪ್ಪಿ, ಒಂದು ತಂತಿಯಲ್ಲಿ ಎರಡು ಸ್ಥಾಯಿ ಬೇಕೆಂದರೆ 24 ತಾನಾಗಿ ಬರುತ್ತದೆ. ಸ್ಥಾಯಿಗೆ 12 ಎಂದು ಒಪ್ಪುವುದೇ ಕಷ್ಟದ ಹೆಜ್ಜೆ, ಅಂತರ–ಕಾಕಲಿಗಳ ಪಟ್ಟಿಯನ್ನು ಬಿಟ್ಟುಕೊಡುವ ಹೆಜ್ಜೆ. ಅದನ್ನು ಇಟ್ಟವನು ರಾಮಾಮಾತ್ಯ.

ತಂಜಾವೂರಿನ ಪಾಲನ್ನು ನಾನು ಅಲ್ಲಗಳೆಯುತ್ತಿಲ್ಲ. 1565ರ ನಂತರ ವಿಜಯನಗರದ ವಿದ್ಯೆಗೆ ಆಸರೆ ಕೊಟ್ಟ ಆಸ್ಥಾನಗಳಲ್ಲಿ ಅದು ಮುಖ್ಯವಾದದ್ದು, ಹಲಸಿನ ಒಂದೇ ದಿಮ್ಮಿಯಲ್ಲಿ ಕೊರೆಯುವ ಏಕಾಂಡ ವೀಣೆಯನ್ನು ಅಲ್ಲಿಯ ಆಚಾರಿಗಳು ಬೆಳೆಸಿದ ಪರಿ ಅಸಾಧಾರಣ. ಆದರೆ ರಘುನಾಥನ ಮಂತ್ರಿ ಗೋವಿಂದ ದೀಕ್ಷಿತ ಕನ್ನಡ ಮೂಲದವನು, ವೆಂಕಟಮಖಿ ಅವನ ಮಗ ಎಂಬುದನ್ನು ಇಲ್ಲಿ ನೆನೆಯದಿದ್ದರೆ ಚಿತ್ರ ಅರೆಯಾಗುತ್ತದೆ. ಶಿವಗಂಗೆಯ ಹತ್ತಿರದ ಸಾತನೂರಿನಿಂದ ಬುರ್ಹಾನ್‌ಪುರದವರೆಗೆ ಹೋದ ಪುಂಡರೀಕವಿಠಲನೂ ಅದೇ ಹದಿನಾರನೆಯ ಶತಮಾನದಲ್ಲಿ ವೀಣೆಯ ಮೇಳಗಳನ್ನು ವಿವರಿಸಿದ್ದಾನೆ. ಈ ಎಲ್ಲರನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಶಿಸ್ತನ್ನು ಕನ್ನಡಕ್ಕೆ ಕಲಿಸಿದವರು ರಾ. ಸತ್ಯನಾರಾಯಣ, ಅವರ ಸಂಪಾದನೆಗಳಿಲ್ಲದೆ ನನ್ನಂಥವರು ಈ ದಾರಿಯಲ್ಲಿ ನಡೆಯುವುದೇ ಸಾಧ್ಯವಿರಲಿಲ್ಲ.

ಕೊನೆಗೆ ವೆಂಕಟಮಖಿಯನ್ನೇ ಸಾಕ್ಷಿಗೆ ಕರೆಯಬಹುದು. ತನ್ನ ವೀಣಾಪ್ರಕರಣದಲ್ಲಿ ಆತನೂ ಮೂರು ವೀಣೆಗಳನ್ನು ಹೇಳುತ್ತಾನೆ: ಶುದ್ಧಮೇಳ, ಮಧ್ಯಮೇಳ, ರಘುನಾಥೇಂದ್ರಮೇಳ. ಪ್ರತಿಯೊಂದಕ್ಕೂ ಮತ್ತೆ ಅದೇ ಎರಡು ಬಗೆ, ಸರ್ವರಾಗ ಮತ್ತು ಏಕರಾಗ. ರಘುನಾಥನ ಕಾಲದಲ್ಲಿ ಚಲ ಹೋಗಿ ಸ್ಥಿರ ಬಂದದ್ದೇ ನಿಜವಾಗಿದ್ದರೆ ಅವನ ಮಂತ್ರಿಯ ಮಗ, ಆತನ ಹೆಸರಿನ ವೀಣೆಯನ್ನೇ ವರ್ಣಿಸುತ್ತ, ಏಕರಾಗಮೇಳವನ್ನು ಇನ್ನೂ ಜೊತೆಗಿಟ್ಟುಕೊಳ್ಳುವ ಅಗತ್ಯವಿರಲಿಲ್ಲ. ಗ್ರಂಥಗಳ ಸಾಕ್ಷ್ಯಕ್ಕೆ ವಾದ್ಯಗಳ ಸಾಕ್ಷ್ಯವೂ ಸೇರಬೇಕು. ಆದರೆ ಇಂದು ಯಾವುದಾದರೂ ಮನೆಯ ಅಟ್ಟದಿಂದ ಹಳೆಯ ವೀಣೆ ಇಳಿದು ರಿಪೇರಿಗೆ ಬಂದಾಗ ಮೊದಲು ಕೆರೆದು ಎಸೆಯುವುದು ಮೆಟ್ಟಿಲು ಹಿಡಿದ ಮೇಣವನ್ನೇ. ಕೆರೆಯುವ ಮೊದಲು ಮೇರುವಿನಿಂದ ಪ್ರತಿ ಮೆಟ್ಟಿಲಿನ ದೂರವನ್ನು ಮಿಲಿಮೀಟರಿನಲ್ಲಿ ಬರೆದಿಡುವಂತೆ ಮೇಳ ಕಟ್ಟುವವರನ್ನು ಕೇಳಿಕೊಳ್ಳುತ್ತೇನೆ. ನಾಲ್ಕನೆಯ ಮೆಟ್ಟಿಲಿನ ಅಳತೆಯನ್ನು ಮೊದಲು.