ಟ್ಯಾಂಕಿಗೂ ಕಾಲಾಳು ಬೇಕು: ಜೋಜಿ ಲಾ ಮತ್ತು ಅಸಲ್ ಉತ್ತರ್

ನಮ್ಮ ಮಕ್ಕಳಿಗೆ ಈಗ ಯುದ್ಧ ಎಂದರೆ ಮೊಬೈಲಿನಲ್ಲಿ ಓಡುವ ಟ್ಯಾಂಕು. ಉಕ್ಕಡಂನ ಹಿರಿಯರಿಗೆ ಹಾಗಲ್ಲ. 1997ರ ನವೆಂಬರಿನ ಗಲಭೆ, 1998ರ ಫೆಬ್ರವರಿಯ ಬಾಂಬ್ ಸ್ಫೋಟಗಳ ಕಾಲದಲ್ಲಿ ಕೊಯಮತ್ತೂರಿನ ಬೀದಿಗೆ ಸೇನೆ ಬಂದಿತ್ತು. ಅಂಗಡಿ ಇಟ್ಟುಕೊಂಡಿದ್ದ ನನ್ನ ಉಪ್ಪನಂಥವರಿಗೆ ಮಿಲಿಟರಿ ಗಾಡಿ ಎಂದರೆ ಕರ್ಫ್ಯೂ, ಎಳೆದ ಶಟರು. ಹೀಗಾಗಿ ನಮ್ಮ ಮನೆಗಳಲ್ಲಿ ಸೈನ್ಯದ ಚರಿತ್ರೆಯ ಮಾತು ಕಡಿಮೆ. ಆದರೆ ಆ ಚರಿತ್ರೆಯಲ್ಲಿ ನಮ್ಮವರೂ ಇದ್ದಾರೆ. ಎರಡು ಕಾಳಗಗಳನ್ನು ನೋಡೋಣ.

ಮೊದಲನೆಯದು 1948ರದು. ಲಡಾಖಿನ ದಾರಿಯಲ್ಲಿರುವ ಜೋಜಿ ಲಾ ಕಣಿವೆ ಸುಮಾರು 11,500 ಅಡಿ ಎತ್ತರದ್ದು. ಸೆಪ್ಟೆಂಬರಿನಲ್ಲಿ ನಮ್ಮ ಕಾಲಾಳುಗಳು ನಡೆಸಿದ ದಾಳಿ ಬಂಡೆಗಳ ನಡುವಿನ ಮೆಷಿನ್ ಗನ್ನುಗಳೆದುರು ವಿಫಲವಾಯಿತು. ಆಗ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ, ನಮ್ಮ ಪಕ್ಕದ ಮಡಿಕೇರಿಯವರು, ಟ್ಯಾಂಕು ಹತ್ತಿಸಲು ನಿರ್ಧರಿಸಿದರು. ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 30 ಕಡಿಮೆ. ಎಂಜಿನ್ನಿನ ಶಕ್ತಿಯೂ ಹಾಗೆಯೇ ಇಳಿಯುತ್ತದೆ. ಸ್ಟುವರ್ಟ್ ಟ್ಯಾಂಕಿನ ತೂಕ ಸುಮಾರು 15 ಟನ್. ಟರೆಟ್ ಬಿಚ್ಚಿ, ಗುಟ್ಟಾಗಿ, ಸೇತುವೆಗಳನ್ನು ದಾಟಿಸಿ ಅವನ್ನು ಬಾಲ್ತಾಲ್‌ಗೆ ತಂದರು. ಅಲ್ಲಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಯ ಜಾಡು. ಅದನ್ನು ಟ್ಯಾಂಕು ಹೋಗುವ ದಾರಿ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಅವರ ನೆಲೆ ಬೆಂಗಳೂರಿನ ಹಲಸೂರು, ಸೈನಿಕರು ನಮ್ಮ ದಕ್ಷಿಣದವರು.

ನವೆಂಬರ್ 1ರಂದು, ಹಿಮದ ನಡುವೆ, 7ನೇ ಲೈಟ್ ಕ್ಯಾವಲ್ರಿಯ ಟ್ಯಾಂಕುಗಳು ಹತ್ತಿದವು. ತಿಮ್ಮಯ್ಯ ಸ್ವತಃ ಮುಂದಿನ ಟ್ಯಾಂಕಿನಲ್ಲಿದ್ದರು. ಟ್ಯಾಂಕು ಬಂಕರುಗಳ ಬಾಯಿ ಮುಚ್ಚಿಸಿತು, ಹಿಂದೆ ಬಂದ ಕಾಲಾಳು ಗುಡ್ಡ ಹಿಡಿದರು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಕೈಗೆ ಬಂದವು.

ಎರಡನೆಯದು 1965ರ ಸೆಪ್ಟೆಂಬರ್, ಪಂಜಾಬಿನ ಅಸಲ್ ಉತ್ತರ್. ಈ ಸಲ ಟ್ಯಾಂಕು ಎದುರಾಳಿಯದು, ಅಮೆರಿಕದ ಪ್ಯಾಟನ್. ನೀರು ಬಿಟ್ಟ ಗದ್ದೆ, ಆಳೆತ್ತರದ ಕಬ್ಬು. ಜೊತೆಗೆ ಸಾಕಷ್ಟು ಕಾಲಾಳು ಇಲ್ಲದೆ ನುಗ್ಗಿದ ಪ್ಯಾಟನ್‌ಗಳು ಕೆಸರಿನಲ್ಲಿ ಸಿಕ್ಕಿಕೊಂಡವು. 4 ಗ್ರೆನೇಡಿಯರ್ಸ್‌ನ ಅಬ್ದುಲ್ ಹಮೀದ್ ಜೀಪಿಗೆ ಕಟ್ಟಿದ ರಿಕಾಯಿಲ್‌ಲೆಸ್ ಗನ್ನಿನಿಂದ ಒಂದಾದ ಮೇಲೊಂದನ್ನು ಹೊಡೆದರು. ಅವರ ಹುದ್ದೆ ಕಂಪನಿ ಕ್ವಾರ್ಟರ್ ಮಾಸ್ಟರ್ ಹವಿಲ್ದಾರ್, ಅಂದರೆ ಸರಕಿನ ಲೆಕ್ಕ ನೋಡುವವರು. ನಮ್ಮ ಅಂಗಡಿ ಭಾಷೆಯಲ್ಲಿ ಸ್ಟಾಕ್ ನೋಡುವವರು.

ಈ ಗನ್ನು ಹೊಡೆತದ ಅನಿಲವನ್ನು ಹಿಂದಕ್ಕೆ ಬಿಡುತ್ತದೆ. ಅದರಿಂದ ಒದೆತ ಇಲ್ಲ, ಹಗುರ ಜೀಪೂ ಹೊರುತ್ತದೆ. ಆದರೆ ಹಿಂದೆ ಏಳುವ ಬೆಂಕಿ, ಧೂಳು ಜಾಗವನ್ನು ತೋರಿಸಿಕೊಡುತ್ತದೆ. ಹೊಡೆದ ಕೂಡಲೇ ಜಾಗ ಬದಲಿಸದಿದ್ದರೆ ಸಾವು. ಹಮೀದ್ ಇದನ್ನು ಚೆನ್ನಾಗಿ ಬಲ್ಲವರು. ಆದರೂ ಮತ್ತೆ ಮತ್ತೆ ಹೊಡೆದರು. ಸೆಪ್ಟೆಂಬರ್ 10ರಂದು ಟ್ಯಾಂಕಿನ ಗುಂಡಿಗೆ ಬಿದ್ದರು. ಮರಣೋತ್ತರವಾಗಿ ಪರಮವೀರ ಚಕ್ರ ಬಂತು.

ಎರಡೂ ಕಾಳಗ ಹೇಳುವುದು ಒಂದೇ ಮಾತು. ಕಾಲಾಳು ಜೊತೆಗಿದ್ದ ಹಳೆಯ, ಸಣ್ಣ ಟ್ಯಾಂಕು ಬೆಟ್ಟ ಗೆದ್ದಿತು. ಕಾಲಾಳು ಬಿಟ್ಟು ಬಂದ ದೊಡ್ಡ ಟ್ಯಾಂಕು ಜೀಪಿಗೆ ಸೋತಿತು. 2022ರಲ್ಲಿ ಕೀವ್ ಕಡೆಗೆ ಹೊರಟ ರಷ್ಯಾದ ಸಾಲು ಗಾಡಿಗಳನ್ನು ಹೆಗಲ ಮೇಲಿನ ಕ್ಷಿಪಣಿ ಹೊತ್ತ ಸಣ್ಣ ತಂಡಗಳು ಕಾಡಿದಾಗಲೂ ಇದೇ ಪಾಠ.

ಹಮೀದರ ಹೆಸರನ್ನು ಮಕ್ಕಳಿಗೆ ಹೇಳುವಾಗ ಅದನ್ನು ಯಾರಿಗೋ ತೋರಿಸುವ ಸರ್ಟಿಫಿಕೇಟು ಮಾಡಬೇಡಿ. ಅವರು ತಮ್ಮ ಕೆಲಸ ಬಲ್ಲವರಾಗಿದ್ದರು, ಆ ಕೆಲಸವನ್ನು ಕೊನೆಯವರೆಗೂ ಮಾಡಿದರು. ಹಾಗೆಯೇ ಹೇಳಿ. ಜೋಜಿ ಲಾದಲ್ಲಿ ಕಲ್ಲು ಒಡೆದು ದಾರಿ ಮಾಡಿದ ದಕ್ಷಿಣದ ಹುಡುಗರ ಕತೆಯನ್ನೂ ಜೊತೆಗೆ ಹೇಳಿ.