ಹಾಡಿದವರ ಊಟ

ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಮಗನ ಮನೆಗೆ ಹೋಗಿದ್ದೆ. ಒಂದು ಶನಿವಾರ ಸಂಜೆ ಸೊಸೆ, "ಅತ್ತಿ, ಇವತ್ತ ಒಲಿ ಹಚ್ಚೂದು ಬ್ಯಾಡ. ಹೊರಗ ಊಟಕ್ಕ ಹೋಗೂಣು, ಅಲ್ಲೇ ಹಾಡೂ ಇರ್ತಾವ" ಎಂದಳು. ಯಾರದೋ ಮದುವೆಯ ಆರತಕ್ಷತೆ ಇರಬೇಕೆಂದು ನಾನು ಇಳಕಲ್ ಸೀರೆ ಉಟ್ಟು ಹೊರಟೆ. ಹೋಗಿ ನೋಡಿದರೆ ಅದು ವೈಟ್‌ಫೀಲ್ಡ್ ಕಡೆಯ ಒಂದು ಜಾಝ್ ಕ್ಲಬ್ಬು! ಮಬ್ಬು ದೀಪ, ಸಣ್ಣ ಸಣ್ಣ ಮೇಜು, ಎದುರಿಗೆ ಒಂದು ಮೊಳ ಎತ್ತರದ ವೇದಿಕೆ. ಅದರ ಮೇಲೆ ಪಿಯಾನೋ, ಡ್ರಮ್ಮು, ಸ್ಯಾಕ್ಸೋಫೋನು, ಜೊತೆಗೆ ಆಳೆತ್ತರದ ಒಂದು ಪಿಟೀಲು. ಅದನ್ನು ಒಬ್ಬಾತ ನಿಂತುಕೊಂಡೇ ಬೆರಳಿನಿಂದ ಮೀಟುತ್ತಿದ್ದ. ನಡುವೆ ನಿಂತು ಹಾಡುತ್ತಿದ್ದವಳು ನನ್ನ ಸೊಸೆಯ ವಯಸ್ಸಿನ ಹುಡುಗಿ.

ಮಾತು ತಿಳಿಯದಿದ್ದರೂ ಹಾಡಿನ ನಡೆ ತೀರ ಅಪರಿಚಿತವೆನಿಸಲಿಲ್ಲ. ಆಕೆ ಮೊದಲು ಒಂದು ಧಾಟಿ ಹಾಡುತ್ತಾಳೆ. ಆಮೇಲೆ ಒಬ್ಬೊಬ್ಬ ವಾದಕ ಅದನ್ನು ಹಿಡಿದು ಮನಸ್ಸಿಗೆ ಬಂದಂತೆ ಬೆಳೆಸಿ, ಎಲ್ಲೆಲ್ಲೋ ಅಲೆದು, ಕೊನೆಗೆ ಹೊರಟಲ್ಲಿಗೇ ಬಂದು ಸೇರುತ್ತಾನೆ. ನಮ್ಮ ಗವಾಯಿಗಳು ಆಲಾಪ, ತಾನಗಳಲ್ಲಿ ತಿರುಗಾಡಿ ಸಮಕ್ಕೆ ಬಂದು ನಿಲ್ಲುವಂತೆಯೇ. ಆದರೆ ನನಗೆ ಕಸಿವಿಸಿಯಾದದ್ದು ಬೇರೆ ಕಾರಣಕ್ಕೆ. ಆಕೆ ಹಾಡುತ್ತಿದ್ದಾಳೆ, ನಾವು ತಿನ್ನುತ್ತಿದ್ದೇವೆ. 'ಈ ಹುಡುಗಿಯ ಊಟ ಆಗಿದೆಯೋ ಇಲ್ಲವೋ? ಆದರೂ ಎಲ್ಲಿ ಕೂಡಿಸಿ ಹಾಕಿರಬಹುದು?'

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಅದಕ್ಕೆ ನಲವತ್ತು ವರ್ಷಕ್ಕೂ ಮಿಕ್ಕಿ ವಯಸ್ಸಾಗಿದೆ.

ನನ್ನೂರು ಮುಧೋಳದ ಹತ್ತಿರದ ರನ್ನ ಬೆಳಗಲಿ. ಹತ್ತನೆಯ ಶತಮಾನದ ಕವಿ ರನ್ನನ ಹೆಸರನ್ನು ಊರಿನ ಹೆಸರಿಗೇ ಸೇರಿಸಿಕೊಂಡವರು ನಾವು. ಬಳೆಗಾರರ ಮನೆಯಲ್ಲಿ ಹುಟ್ಟಿದ ಹುಡುಗ ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿ ಎನಿಸಿಕೊಂಡನೆಂದು ಪ್ರತಿ ವರ್ಷ ಮಕ್ಕಳಿಗೆ ಹೇಳುವಾಗ ನನ್ನ ಎದೆ ಒಂದಿಷ್ಟು ಉಬ್ಬುವುದುಂಟು. ಮನೆಗೆ ಬಂದ ಕಲಾವಿದರನ್ನು ನಾವು ಹೇಗೆ ನೋಡಿಕೊಂಡೆವು ಎಂಬುದು ಪಾಠದಲ್ಲಿಲ್ಲ.

1980ರ ಸುಮಾರು, ನನಗಾಗ ಹನ್ನೊಂದು ವರ್ಷ. ಜಾತ್ರೆಗೆ ಶ್ರೀಕೃಷ್ಣ ಪಾರಿಜಾತದ ಮೇಳ ಬಂದಿತ್ತು. ನಮ್ಮ ಕಡೆಯ ಓದುಗರಿಗೆ ಪಾರಿಜಾತದ ಬಗೆಗೆ ಹೇಳಬೇಕಿಲ್ಲ, ಉಳಿದವರಿಗಾಗಿ ಎರಡು ಮಾತು. ನಾರದ ತಂದ ಒಂದು ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಸಿಟ್ಟಾದಳು – ಕಥೆ ಅಷ್ಟೇ. ಆ ಸಿಟ್ಟನ್ನು ಹಾರ್ಮೋನಿಯಂ, ತಬಲಾ, ತಾಳಗಳ ಜೊತೆ ಬೆಳಗಿನ ತನಕ ಹಾಡುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕುಲಗೋಡ ತಮ್ಮಣ್ಣ ಇದನ್ನು ಊರೂರಿನ ಆಟವಾಗಿಸಿದ. ಮೊದಮೊದಲು ಹೆಣ್ಣುಪಾತ್ರಗಳನ್ನೂ ಗಂಡಸರೇ ಕಟ್ಟುತ್ತಿದ್ದರು. ಆಮೇಲೆ ಹೆಂಗಸರು ಬಂದರು. ಕೌಜಲಗಿ ನಿಂಗಮ್ಮನವರ ಹೆಸರು ಕೇಳಿದರೆ ಈಗಲೂ ನಮ್ಮ ಹಿರಿಯರ ಕಣ್ಣು ಅರಳುತ್ತವೆ.

ಮೇಳದವರಿಗೆ ಸರದಿಯ ಮೇಲೆ ಮನೆಮನೆಯಲ್ಲಿ ಊಟ. ಆ ಸಂಜೆ ನಮ್ಮ ಸರದಿ. ಅವ್ವ ಮಧ್ಯಾಹ್ನದಿಂದಲೇ ರೊಟ್ಟಿ ಬಡಿಯುತ್ತಿದ್ದಳು. ಎಣಗಾಯಿ ಬದನೇಕಾಯಿ, ಜುಣಕ, ಶೇಂಗಾ ಚಟ್ನಿ, ಜಾತ್ರೆಯೆಂದು ಗೋಧಿ ಹುಗ್ಗಿ. ಕೊಡುವುದರಲ್ಲಿ ನಮ್ಮ ಮನೆಯವರು ಕೈ ಹಿಡಿದವರಲ್ಲ, ಅದನ್ನು ಹೇಳಲೇಬೇಕು. ಗಂಡಸರಿಗೆ ಪಡಸಾಲೆಯಲ್ಲಿ ಪಂಕ್ತಿ ಹಾಸಿದರು. ಸತ್ಯಭಾಮೆಯ ಪಾತ್ರದ ಹೆಂಗಸಿಗೆ ಹೊರಗಿನ ಕಟ್ಟೆಯ ಮೇಲೆ, ದನದ ಹಗ್ಗಗಳ ಪಕ್ಕದಲ್ಲಿ, ಬೇರೆಯೇ ಇಟ್ಟಿದ್ದ ಒಂದು ಜರ್ಮನ್ ತಾಟು. ನೀರಿನ ತಂಬಿಗೆ ಹಿಡಿದು ನಿಂತವಳು ನಾನು. "ಮ್ಯಾಲಿಂದ ಹಾಕು, ಮುಟ್ಟಬ್ಯಾಡ" ಎಂದು ಆಯಿ ಒಳಗಿನಿಂದಲೇ ಹೇಳಿದಳು. ಆಕೆ ಬೊಗಸೆ ಒಡ್ಡಿದಳು, ನಾನು ಎತ್ತರದಿಂದ ಸುರಿದೆ. ಅರ್ಧ ನೀರು ಆಕೆಯ ಮೊಣಕೈಗುಂಟ ಇಳಿದು ಸೀರೆ ತೊಯ್ದಿತು. "ಸಾಕವ್ವಾ" ಎಂದಳು.

ನಡುರಾತ್ರಿ ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಅದೇ ಹೆಂಗಸು ಸತ್ಯಭಾಮೆಯಾಗಿ ನಿಂತು ಹಾಡಿದಾಗ ನಮ್ಮ ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೊಂಟದ ಚೀಲ ಬಿಚ್ಚಿ ಐದು ರೂಪಾಯಿಯ ನೋಟು ತೆಗೆದು, "ಹೋಗು, ಆಕೀ ಕೈಯಾಗ ಆಯೇರಿ ಕೊಟ್ಟ ಬಾ" ಎಂದು ನನ್ನನ್ನೇ ಕಳಿಸಿದಳು. ಈ ಸಲ ಮುಟ್ಟಬೇಡ ಎನ್ನಲಿಲ್ಲ. ನಾನು ಆಕೆಯ ಅಂಗೈಯಲ್ಲಿ ನೋಟು ಇಟ್ಟೆ. ಆಕೆ ನನ್ನ ಗಲ್ಲ ಹಿಡಿದು ದೃಷ್ಟಿ ತೆಗೆದಳು.

ಮನೆಗೆ ಬಂದು, "ಯಾಕಬೇ ಆಕೀಗೆ ಹೊರಗ ಹಾಕಿದ್ರಿ?" ಎಂದು ಅವ್ವನನ್ನು ಕೇಳಿದ್ದಕ್ಕೆ, "ಸುಮ್ಮನ ಮಲಕೋ" ಎಂಬ ಉತ್ತರ ಬಂತು.

ದೊಡ್ಡವಳಾದ ಮೇಲೆ ಗಂಗೂಬಾಯಿ ಹಾನಗಲ್ಲರ ಬದುಕಿನ ಬಗೆಗೆ ಓದುವಾಗ ಒಂದು ಕಡೆ ಪುಸ್ತಕ ಮುಚ್ಚಿಡಬೇಕಾಯಿತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಅಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಗಂಗೂಬಾಯಿಯೂ ಒಬ್ಬರು. ಅವರಿಗೂ ಆಗ ಹನ್ನೊಂದೇ ವರ್ಷ. ಆ ಮಗುವಿನ ಮನಸ್ಸಿನಲ್ಲಿ ಇದ್ದದ್ದು ಸಭಾಕಂಪವಲ್ಲ. ತಾವು ಕೆಳಜಾತಿಯವರೆಂದು ಊಟವಾದ ಮೇಲೆ ಎಲೆ ಎತ್ತುವ, ಜಾಗ ಸಾರಿಸುವ ಕೆಲಸ ಹಚ್ಚುತ್ತಾರೇನೋ ಎಂಬ ಅಂಜಿಕೆ! ಅವರ ತಾಯಿ ಅಂಬಾಬಾಯಿ ಎಂಥ ಗಾಯಕಿಯೆಂದರೆ, ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರೇ ಅವರ ಹಾಡು ಕೇಳಲು ಮನೆಗೆ ಬರುತ್ತಿದ್ದರು. ಅಂಥ ತಾಯಿಯ ಮಗಳು ನೆರೆಯವರ ತೋಟದಲ್ಲಿ ಮಾವಿನಹಣ್ಣು ಕಿತ್ತಾಗ ಬೈಸಿಕೊಂಡದ್ದು ಕಳವಿಗಿಂತ ಹೆಚ್ಚಾಗಿ ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳು ಎಂಬುದಕ್ಕೆ. ಮುಂದೆ ಅದೇ ಮನೆತನದವರು ಈ ಪದ್ಮವಿಭೂಷಣೆಯನ್ನು ಮನೆಗೆ ಕರೆದು ಆದರಿಸುತ್ತಿದ್ದರಂತೆ. ಗಂಗೂಬಾಯಿಯವರು 2009ರಲ್ಲಿ ತೀರಿಕೊಂಡರು.

ನಮ್ಮ ಮಗ್ಗುಲ ಬೀಳಗಿಯದೇ ಇನ್ನೊಂದು ಕಥೆ. ಅಮೀರ್‌ಬಾಯಿ, ಗೋಹರ್‌ಬಾಯಿ ಎಂಬ ಅಕ್ಕತಂಗಿಯರು ನಾಟಕ ಕಂಪನಿಗಳಲ್ಲಿ ಹಾಡುತ್ತ ಹಾಡುತ್ತ ಮುಂಬಯಿ ಸೇರಿದರು. ಗೋಹರ್ ಬಾಲಗಂಧರ್ವರ ಕಂಪನಿಗೆ ಹೋದರೆ, ಅಮೀರ್‌ಬಾಯಿ ಸಿನಿಮಾಕ್ಕೆ. 1943ರ 'ಕಿಸ್ಮತ್' ಕಲ್ಕತ್ತೆಯ ಒಂದೇ ಥಿಯೇಟರಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಅದರ ಹಾಡುಗಳಲ್ಲಿ ಅಮೀರ್‌ಬಾಯಿಯವರ ಕಂಠವಿದೆ. ಹೆಸರಿನ ಮುಂದೆ 'ಕರ್ನಾಟಕಿ' ಎಂದೇ ಬರೆಸಿಕೊಂಡು 1965ರಲ್ಲಿ ಹೋಗಿಬಿಟ್ಟರು. ರಹಮತ್ ತರೀಕೆರೆಯವರು ಅವರ ಬದುಕನ್ನು ಹುಡುಕಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ನನ್ನ ತರಗತಿಯಲ್ಲಿ ಕೇಳಿದಾಗ ಒಂದು ಮಗುವಿಗೂ ಆ ಹೆಸರು ಗೊತ್ತಿರಲಿಲ್ಲ.

ಇದೆಲ್ಲ ನಮ್ಮ ಜಾತಿಯ ರೋಗ, ಪರದೇಶದಲ್ಲಿ ಹೀಗಿರಲಾರದು ಎಂದೇ ನಾನು ತಿಳಿದಿದ್ದೆ. ಕ್ಲಬ್ಬಿನಲ್ಲಿ ಕೂತು ಇಷ್ಟನ್ನೂ ಹೇಳಿದಾಗ ಸೊಸೆ ನಕ್ಕಳು. ಆಕೆಗೆ ಈ ಸಂಗೀತದ ಹುಚ್ಚು. ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ 1923ರಲ್ಲಿ ಕಾಟನ್ ಕ್ಲಬ್ ಎಂಬುದೊಂದು ತೆರೆಯಿತು. ಊಟ, ಕುಡಿತ, ಕುಣಿತ, ಜಾಝ್. ಡ್ಯೂಕ್ ಎಲಿಂಗ್ಟನ್ನರ ತಂಡ 1927ರಿಂದ ಅಲ್ಲೇ ನುಡಿಸಿ ಜಗತ್ತಿಗೆಲ್ಲ ಹೆಸರಾಯಿತು. ನುಡಿಸುವವರು, ಹಾಡುವವರು, ಕುಣಿಯುವವರು ಕರಿಯರು. ಮೇಜಿಗೆ ಕೂತು ಉಣ್ಣುವವರು ಬಿಳಿಯರು ಮಾತ್ರ. ಬಿಲ್ಲಿ ಹಾಲಿಡೇ ಎಂಬ ಗಾಯಕಿ 1938ರಲ್ಲಿ ಆರ್ಟಿ ಷಾ ಎಂಬಾತನ ಬಿಳಿಯರ ತಂಡದೊಂದಿಗೆ ನ್ಯೂಯಾರ್ಕಿನ ಲಿಂಕನ್ ಹೋಟೆಲಿನಲ್ಲಿ ಹಾಡುವಾಗ, ಗಿರಾಕಿಗಳ ಲಿಫ್ಟಿನಲ್ಲಿ ಬರಬೇಡ, ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಬಾ ಎಂದರು. ಅದಾಗಿ ಸ್ವಲ್ಪದರಲ್ಲೇ ಆಕೆ ಆ ತಂಡವನ್ನೇ ಬಿಟ್ಟಳು.

ನನಗೆ ನಮ್ಮ ಕಟ್ಟೆ ನೆನಪಾಯಿತು. ಸತ್ಯಭಾಮೆ ಸಿಟ್ಟಾಗಿದ್ದು ವೇದಿಕೆಯ ಮೇಲೆ ಮಾತ್ರ. ಕಟ್ಟೆಯ ಮೇಲೆ ಬಗ್ಗಿ ಹುಗ್ಗಿ ಉಂಡಿದ್ದಳು.

ಅಷ್ಟರಲ್ಲಿ ಹಾಡು ನಿಂತು, ಅರ್ಧ ತಾಸಿನ ಬಿಡುವೆಂದು ಹೇಳಿದರು. ಹಾಡುತ್ತಿದ್ದ ಹುಡುಗಿ ಕೆಳಗಿಳಿದು ನಮ್ಮ ಪಕ್ಕದ ಮೇಜಿಗೇ ಬಂದು ಕೂತಳು. ಡ್ರಮ್ಮಿನ ಹುಡುಗನೂ ಬಂದ. ನಮಗೆ ಕೊಟ್ಟಂಥದೇ ತಟ್ಟೆ, ಅಂಥದೇ ಚಮಚ ಅವರಿಗೂ ಬಂದವು. ನಾನು ಎದ್ದೆ. "ಅವ್ವಾ, ಇಲ್ಲೆ ಹಂಗೆಲ್ಲಾ ಮಾತಾಡಸಬಾರದು" ಎಂದು ಮಗ ಸೀರೆಯ ತುದಿ ಹಿಡಿದ. ಮೂವತ್ತು ವರ್ಷ ಮಕ್ಕಳನ್ನು ಆಳಿದವಳಿಗೆ ಇವನ ಮಾತು ಯಾವ ಲೆಕ್ಕ? ಬಿ.ಎಡ್. ಕಾಲದ ಇಂಗ್ಲಿಷಿನಲ್ಲೇ, ಊಟ ಆಯಿತೇನಮ್ಮಾ ಎಂದು ಕೇಳಿದೆ. ಈಗ ಮಾಡುತ್ತೇನೆ ಎಂದು ಆಕೆ ನಗುತ್ತ ತಟ್ಟೆ ತೋರಿಸಿ, ಪಕ್ಕದ ಕುರ್ಚಿಯನ್ನು ನನ್ನ ಕಡೆಗೆ ಸರಿಸಿದಳು.

ಕೂತೆ. ನೀರಿನ ಜಗ್ಗು ನನ್ನ ಕೈಗೆ ಹತ್ತಿರವಿತ್ತು. ಆಕೆಯ ಗ್ಲಾಸು ಎತ್ತಿಕೊಂಡು ತುಂಬಿಸಿ, ಆಕೆಯ ಕೈಗೇ ಕೊಟ್ಟೆ. ಆಕೆ ಒಂದೇ ಗುಟುಕಿಗೆ ಕುಡಿದು ಊಟಕ್ಕೆ ತೊಡಗಿದಳು.